ಹಾಡು ಕಲೀಲಿಕ್ಕೆ ಗುರು ಯಾಕ ಬೇಕು?

"ತಂಗೀ, ಹಾಡು ಕಲೀಲಿಕ್ಕೆ ಗುರು ಯಾಕ ಬೇಕು ಹೇಳು? ಸರಿಗಮದಿಂದ ಹಿಡದು ಭೈರವಿ ತನಕಾ ಎಲ್ಲಾ ಮೊಬೈಲ್‌ನ್ಯಾಗ ಅದ. ಅದೂ ಫುಕಟ್."

ಕಂಪೌಂಡ್ ಗೋಡೆಯ ಆಚೆ ಕಾಕಾ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದರಲ್ಲಿ ಮೊಬೈಲು. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹಾಡಿನ ಹುಚ್ಚು ಹತ್ತಿದೆ. ಬೆಳಿಗ್ಗೆ ಯೂಟ್ಯೂಬಿನ ಪಾಠ, ಸಂಜೆ ಕರೋಕೆ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಸಂಜೆ ಯಾರ ಮನೆಯಲ್ಲಿ ಕೂತರೂ ಅವರ ದನಿ ಕೇಳುತ್ತದೆ. ಒಳ್ಳೆಯ ದನಿ ಅದು. ತುಂಬು ದನಿ, ಕೆಳಗಿನ ಸ್ವರಗಳಿಗೆ ಇಳಿದಾಗ ಇನ್ನಷ್ಟು ಚೆಂದ. ಅದಕ್ಕೇ "ಹೌದ್ರಿ ಕಾಕಾ" ಎಂದು ಒಳಗೆ ಹೋಗಿಬಿಡಲು ನನ್ನಿಂದ ಆಗಲಿಲ್ಲ. ಒಲೆಯ ಮೇಲಿನ ಬೇಳೆ ಇಳಿಸಿ ಬಂದು ಗೋಡೆಗೆ ಕೈಯೂರಿ ನಿಂತೆ.

ಅವರು ಮೊದಲು ತೆಗೆದದ್ದೇ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹೆಸರು. "ಎಸ್ಪಿಬಿ ಯಾರ ಮುಂದ ಕೂತು ಸಂಗೀತ ಕಲ್ತಿದ್ರು?" ಶಾಸ್ತ್ರೀಯ ಸಂಗೀತವನ್ನು ಅವರು ಕ್ರಮವಾಗಿ ಕಲಿಯಲಿಲ್ಲ ಅನ್ನುವುದು ನಿಜ. ಹಾಗೆ ಕಲಿಯದವರೇ 'ಶಂಕರಾಭರಣಂ' ಚಿತ್ರದಲ್ಲಿ ಹಿರಿಯ ವಿದ್ವಾಂಸರೊಬ್ಬರ ಪಾತ್ರಕ್ಕೆ ಕಂಠವಾಗಿ ರಾಷ್ಟ್ರಪ್ರಶಸ್ತಿ ಪಡೆದರು. 1995ರಲ್ಲಿ ನಮ್ಮ ಗದಗಿನ ಪಂಚಾಕ್ಷರ ಗವಾಯಿಗಳ ಮೇಲೆ ಬಂದ ಕನ್ನಡ ಚಿತ್ರಕ್ಕೆ ಹಂಸಲೇಖರ ಸಂಗೀತದಲ್ಲಿ ಹಾಡಿ ಮತ್ತೆ ರಾಷ್ಟ್ರಪ್ರಶಸ್ತಿ ಪಡೆದರು. ನೂರಾರು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಒಬ್ಬ ಗುರುವಿನ ಕಥೆಗೆ, ಗುರುಮುಖೇನ ಕಲಿಯದವರ ಕಂಠ. ಕಾಕಾ ಇದನ್ನು ಹೇಳುವಾಗ ಪೈಪಿನ ನೀರು ದಾಸವಾಳ ಬಿಟ್ಟು ಗೋಡೆಗೆ ಹೋಗುತ್ತಿತ್ತು.

"ಕಾಕಾ, ಪುಗಳೇಂದಿ ಅನ್ನೋರ ಹೆಸರು ಕೇಳೀರೇನ್ರಿ?" ಎಂದೆ. ಕೇಳಿರಲಿಲ್ಲ. ಸಂಗೀತ ನಿರ್ದೇಶಕ ಕೆ.ವಿ. ಮಹದೇವನ್ ಅವರ ಸಹಾಯಕರು ಪುಗಳೇಂದಿ. 'ಶಂಕರಾಭರಣಂ' ಹಾಡುಗಳನ್ನು ಎಸ್ಪಿಬಿಗೆ ಕೂತು ಹೇಳಿಕೊಟ್ಟವರು ಅವರೇ. ಎಸ್ಪಿಬಿ ಆ ಋಣವನ್ನು ಮುಚ್ಚಿಟ್ಟವರಲ್ಲ. ಇಷ್ಟಕ್ಕೂ ಸಿನಿಮಾದಲ್ಲಿ ಹಾಡುವವರ ಎದುರಿಗೆ ಪ್ರತಿ ಹಾಡಿಗೂ ಒಬ್ಬ ಮಾಸ್ತರ ಇದ್ದೇ ಇರುತ್ತಾನೆ. ಗಾಜಿನ ಆಚೆ ಕೂತು "ಇನ್ನೊಮ್ಮೆ" ಅನ್ನುವವನು. ಸಾವಿರಾರು ಹಾಡುಗಳನ್ನು ಹಾಗೆ ತಿದ್ದಿಸಿಕೊಂಡು ಹಾಡಿದವರನ್ನು ತಾವೇ ಕಲಿತವರು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಡಾ. ರಾಜಕುಮಾರರ ಮಾತೂ ಅಷ್ಟೇ. 'ಜೀವನ ಚೈತ್ರ'ದ ತೋಡಿ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತಲ್ಲ, ಆ ಕಂಠ ಪಳಗಿದ್ದು ಕಂಪನಿ ನಾಟಕಗಳಲ್ಲಿ, ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ನಿಂತು.

"ಅದನ್ನ ಬಿಡು. ಭೀಮಸೇನ ಜೋಶಿ? ಅವರು ರೆಕಾರ್ಡ್ ಕೇಳಿ ಹಾಡಿನ ಬೆನ್ನು ಹತ್ತಿದವರು ಹೌದಲ್ಲೋ?"

ಈ ಮಾತನ್ನು ಅವರು ತೆಗೆದದ್ದೇ ನನಗೆ ಬೇಕಾಗಿತ್ತು. ರೋಣದಲ್ಲಿ 1922ರಲ್ಲಿ ಹುಟ್ಟಿದ ಹುಡುಗ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ರೆಕಾರ್ಡ್ ಕೇಳಿದ, ತಾನೂ ಹಾಗೇ ಹಾಡಬೇಕು ಎಂದು 11ನೆಯ ವಯಸ್ಸಿಗೆ ಮನೆ ಬಿಟ್ಟು ಓಡಿದ. ಇಲ್ಲಿಯತನಕ ಎಲ್ಲರಿಗೂ ಗೊತ್ತು. ಆದರೆ ಓಡಿದ್ದು ಎಲ್ಲಿಗೆ, ಯಾಕೆ? ರೆಕಾರ್ಡ್ ಕೇಳುತ್ತ ಕಲಿಯಬಹುದು ಅನ್ನಿಸಿದ್ದರೆ ಗದಗಿನಲ್ಲೇ ರೆಕಾರ್ಡ್ ಹಾಕುವ ಅಂಗಡಿಯ ಮುಂದೆ ನಿಂತಿರುತ್ತಿದ್ದ. ಅವನು ರೈಲು ಹತ್ತಿದ್ದು ಗುರುವನ್ನು ಹುಡುಕಿಕೊಂಡು. ಗ್ವಾಲಿಯರ್, ಜಲಂಧರ್ ಎಂದು ಅಲೆದ. ಕೊನೆಗೆ ಸಿಕ್ಕ ಗುರು ಇದ್ದದ್ದು ನಮ್ಮ ಕುಂದಗೋಳದಲ್ಲೇ, ಅದೇ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. ಅಲ್ಲಿ ಗುರುಮನೆಗೆ ನೀರು ಹೊತ್ತ. ಕಲಿತದ್ದು ಏನು? ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ವರ್ಷಗಟ್ಟಲೆ ಅವೇ ಮೂರು. ಇವತ್ತು ಮೊಬೈಲಿನಲ್ಲಿ ಮೂವತ್ತು ರಾಗಗಳ ಪಾಠ ಬೇಕೆಂದರೂ ಸಿಗುತ್ತದೆ. ಮೂರರಲ್ಲೇ ನಿಲ್ಲು ಎಂದು ಹೇಳುವವರು ಅದರಲ್ಲಿ ಯಾರೂ ಇಲ್ಲ. ನನ್ನ ಪಾಲಿಗೆ ಗುರುವಿನ ದೊಡ್ಡ ಕೆಲಸ ಇದೇ. ಹಾಡು ಹೇಳಿಕೊಡುವವರು ಎಷ್ಟೋ ಜನ ಸಿಗುತ್ತಾರೆ, ತಡೆದು ನಿಲ್ಲಿಸುವವರು ಸಿಗುವುದು ಅಪರೂಪ.

ಗಂಗೂಬಾಯಿ ಹಾನಗಲ್ ಅವರದು ಇನ್ನೊಂದು ದಾರಿ. ಸಂಸಾರಸ್ಥೆ, ಮಕ್ಕಳೊಂದಿಗೆ. ಗುರುಮನೆಯಲ್ಲೇ ಉಳಿದು ಕಲಿಯುವಂತಿರಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಎದುರು ಕೂತು, ಮತ್ತೆ ರೈಲು ಹಿಡಿದು ಮನೆಗೆ ಬರುವರು. ಒಂದು ಸ್ವರಗುಚ್ಛ ಗುರುವಿಗೆ ಸರಿ ಅನ್ನಿಸುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ. ಅವರ ತಾಯಿ ಅಂಬಾಬಾಯಿಯವರ ವಿಚಾರ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕರ್ನಾಟಕ ಸಂಗೀತದಲ್ಲಿ ಅಷ್ಟು ಹೆಸರಾದ ಗಾಯಕಿ, ಮಗಳ ಹಿಂದುಸ್ತಾನಿ ಕಲಿಕೆಗೆ ತನ್ನ ಸಂಗೀತ ಅಡ್ಡ ಬರಬಾರದೆಂದು ಹಾಡುವುದನ್ನೇ ಬಿಟ್ಟರು. ಕಿವಿಗೆ ಬಿದ್ದದ್ದು ಗಂಟಲಿಗೆ ಇಳಿಯುತ್ತದೆ ಎಂದು ಆ ತಾಯಿಗೆ ಗೊತ್ತಿತ್ತು. ಇದನ್ನು ಹೇಳಿದಾಗ ಕಾಕಾ ಪೈಪು ಕೆಳಗಿಟ್ಟು ನಲ್ಲಿ ಬಂದ್ ಮಾಡಿ ಬಂದರು.

ಅವರ ಮಾತಿಗೆ ಜೋರು ಕೊಡುವ ಒಬ್ಬರಿದ್ದಾರೆ, ಅದನ್ನೂ ನಾನೇ ಹೇಳಿದೆ. ಕುಮಾರ ಗಂಧರ್ವರು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಇನ್ನೂ ಚಿಕ್ಕ ಹುಡುಗನಿದ್ದಾಗಲೇ ದೊಡ್ಡ ದೊಡ್ಡ ಉಸ್ತಾದರ ರೆಕಾರ್ಡುಗಳನ್ನು ಕೇಳಿ, ಅವರು ಎಲ್ಲಿ ತಾನ್ ಹಾಕಿದ್ದಾರೆ, ಎಲ್ಲಿ ತಿರುಗಿದ್ದಾರೆ, ಎಲ್ಲವನ್ನೂ ಹಾಗೆಹಾಗೇ ಒಪ್ಪಿಸುತ್ತಿದ್ದರು. ಜನ ಬೆರಗಾಗಿ ಕೇಳಿದರು, ಕಛೇರಿಗಳಾದವು, ಗಂಧರ್ವ ಎಂಬ ಹೆಸರೂ ಬಂತು. ಕೇಳಿ ಕಲಿಯುವುದರಲ್ಲಿ ಅದಕ್ಕಿಂತ ಮೇಲಿನದು ಇಲ್ಲ. ಆದರೂ ಆ ಹುಡುಗನನ್ನು ಮುಂಬೈಗೆ, ಬಿ.ಆರ್. ದೇವಧರ ಅವರ ಸಂಗೀತ ಶಾಲೆಗೆ ಕಳಿಸಿದರು. ಹತ್ತು ಜನರ ಹಾಡು ಗಂಟಲಲ್ಲಿತ್ತು, ತನ್ನದು ಯಾವುದು ಎನ್ನುವುದು ಇನ್ನೂ ಗೊತ್ತಾಗಬೇಕಿತ್ತು. ದೇವಧರರು ಅವರನ್ನು ಒಂದು ಘರಾಣೆಯ ಗೂಟಕ್ಕೆ ಕಟ್ಟಲಿಲ್ಲ, ರಾಗದ ಒಳಗನ್ನು ತೋರಿಸಿದರು. ಮುಂದೆ ಕ್ಷಯರೋಗ ಬಂದು ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಾಗ, ಹಾಡಲಾರದೆ ಮಲಗಿದಲ್ಲೇ ಮಾಳವದ ಹಳ್ಳಿಯ ಹಾಡುಗಳನ್ನು ಕೇಳಿದರಲ್ಲ, ಆ ಕೇಳುವಿಕೆ ಬಾಲ್ಯದ ಕೇಳುವಿಕೆಗಿಂತ ಬೇರೆಯೇ ಆಗಿತ್ತು. ಕಲಿತ ಕಿವಿ ಅದು. ಎದ್ದು ಬಂದ ಮೇಲೆ ಅವರು ಹಾಡಿದ್ದು ಯಾರ ನಕಲೂ ಆಗಿರಲಿಲ್ಲ.

ಮಲ್ಲಿಕಾರ್ಜುನ ಮನಸೂರರು ನಮ್ಮೂರವರೇ. ಮೀರಜದ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಶೈಲಿ ಕಲಿತು, ಗ್ರಾಮಫೋನ್ ರೆಕಾರ್ಡ್ ಕೊಟ್ಟು ಹೆಸರಾದ ಮೇಲೆ ಮಂಜೀ ಖಾನರ ಬಳಿ ಮತ್ತೆ ಶಿಷ್ಯರಾಗಿ ಕೂತರು. ಮಂಜೀ ಖಾನರು 1937ರಲ್ಲಿ ತೀರಿಕೊಂಡಾಗ ಅವರ ತಮ್ಮ ಭೂರ್ಜೀ ಖಾನರ ಬಳಿ ಕಲಿಕೆ ಮುಂದುವರಿಸಿದರು. ತನ್ನದೇ ರೆಕಾರ್ಡು ಅಂಗಡಿಯಲ್ಲಿ ಮಾರಾಟಕ್ಕಿರುವಾಗ ಇನ್ನೊಬ್ಬರ ಮುಂದೆ ಕೂತು ಸಾ ಹಚ್ಚುವ ಮನಸ್ಸು ಎಂಥದ್ದು!

"ಅವರೆಲ್ಲಾ ದೊಡ್ಡವರು ತಂಗಿ. ನಾನೇನು ಕಛೇರಿ ಮಾಡಾಂವ? ನನ್ನ ಖುಷಿಗೆ ಹಾಡ್ತೀನಿ."

ಖುಷಿಗೆ ಹಾಡುವವರಿಗೇ ಗುರು ಹೆಚ್ಚು ಬೇಕು ಎಂದು ನಾನು ನಂಬಿದ್ದೇನೆ. ಅವರ ಕರೋಕೆಯನ್ನೇ ತೆಗೆದುಕೊಳ್ಳಿ. ಹಾಡಿನ ಟ್ರ್ಯಾಕ್ ಇರುವುದು ಮೂಲ ಗಾಯಕರ ಶ್ರುತಿಯಲ್ಲಿ. ಪಲ್ಲವಿ ಸಲೀಸಾಗಿ ಹೋಗುತ್ತದೆ. ಚರಣದಲ್ಲಿ ಮೇಲಿನ ಸಾ ದಾಟುವಾಗ ಕಾಕಾನ ಗದ್ದ ಮೇಲೇಳುತ್ತದೆ, ಭುಜ ಬಿಗಿಯುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ಸ್ವರ ಮುಟ್ಟಬೇಕಾದ ಜಾಗಕ್ಕೆ ಒಂದಿಷ್ಟು ಕೆಳಗೇ ನಿಲ್ಲುತ್ತದೆ. ಮರುದಿನ ಗಂಟಲು ಕಟ್ಟಿರುತ್ತದೆ, ಕಾಕೂ ಅರಿಶಿನದ ಹಾಲು ಕೊಡುತ್ತಾರೆ. ಟ್ರ್ಯಾಕಿನ ಶ್ರುತಿ ಇಳಿಸುವ ಗುಂಡಿ ಅದೇ ಆ್ಯಪಿನಲ್ಲಿದೆ. ಎಷ್ಟು ಇಳಿಸಬೇಕು ಎಂದು ಹೇಳಲು ಮಾತ್ರ ಅದಕ್ಕೆ ಬಾರದು. ಗಂಡಸರಿಗೆ ಸಾಮಾನ್ಯವಾಗಿ ಹಾರ್ಮೋನಿಯಂ ಪೆಟ್ಟಿಗೆಯ ಕಪ್ಪು ಒಂದು, ಬಿಳಿ ಎರಡರ ಆಸುಪಾಸು ಹೊಂದುತ್ತದೆ, ಹೆಂಗಸರಿಗೆ ಕಪ್ಪು ನಾಲ್ಕರಿಂದ ಕಪ್ಪು ಐದು. ಆದರೆ ಇದು ಅಂದಾಜು. ಒಬ್ಬೊಬ್ಬರ ಗಂಟಲು ಒಂದೊಂದು ಕಡೆ ಅರಳುತ್ತದೆ. ಬಲ್ಲವರೊಬ್ಬರು ಎದುರು ಕೂತು, ಕೆಳಗೆ ಎಲ್ಲಿತನಕ ಇಳಿಯುತ್ತೀರಿ, ಮೇಲೆ ಎಲ್ಲಿ ಬಿಗಿಯುತ್ತೀರಿ ಎಂದು ನೋಡಿ ಒಂದು ಶ್ರುತಿ ಹಿಡಿದುಕೊಟ್ಟರೆ ಅರ್ಧ ಕಷ್ಟ ಅಲ್ಲಿಗೇ ತೀರಿತು. ಬಿಗಿದ ಗಂಟಲಲ್ಲಿ ವರ್ಷಗಟ್ಟಲೆ ಕೂಗಿದರೆ ಧ್ವನಿತಂತುಗಳ ಮೇಲೆ ಗಂಟು ಏಳುವುದೂ ಉಂಟು.

ನನ್ನ ಗುರುಗಳ ಮೊದಲ ಪಾಠ ಹೀಗಿತ್ತು. ತಂಬೂರಿ ಗವಸಣಿಗೆಯಿಂದ ತೆಗೆದು ನಾಲ್ಕು ತಂತಿಗಳನ್ನು ಕೂಡಿಸಿದರು. ಮೊದಲ ತಂತಿ ಪಂಚಮ, ನಡುವೆ ಜೋಡಿ ಎರಡು, ಕೊನೆಗೆ ಖರ್ಜ, ಅಂದರೆ ಕೆಳಗಿನ ಸಾ. ತಂತಿಗೆ ಪೋಣಿಸಿದ ಮಣಿಯನ್ನು ಬೆರಳಿನಿಂದ ಕೂದಲೆಳೆಯಷ್ಟು ಸರಿಸಿದರು. ಕುದುರೆಯ ಮೇಲೆ ತಂತಿಯ ಕೆಳಗಿನ ದಾರವನ್ನು ಒಂದಿಷ್ಟು ಹಿಂದೆ ಮುಂದೆ ಮಾಡಿದರು. ಆಮೇಲೆ ಹಾಡು ಅನ್ನಲಿಲ್ಲ, "ಗಾಂಧಾರ ಕೇಳಸ್ತದೇನು?" ಎಂದರು. ನಾಲ್ಕು ತಂತಿಯಲ್ಲಿ ಗಾಂಧಾರ ಎಲ್ಲಿಯದು? ಖರ್ಜದ ತಂತಿ ಸರಿಯಾಗಿ ಕೂಡಿದರೆ ಅದರ ನಾದದ ಒಳಗಿಂದಲೇ ಯಾರೂ ಮೀಟದ ಗಾಂಧಾರ ಏಳುತ್ತದೆ. ಅದು ನನ್ನ ಕಿವಿಗೆ ಬೀಳುವವರೆಗೂ ಅವರು ನನ್ನನ್ನು ಬಾಯಿ ತೆರೆಯಗೊಡಲಿಲ್ಲ. ಬಿದ್ದ ದಿನ ಅವರ ಮುಖ ನೋಡಬೇಕಿತ್ತು, ನನಗಿಂತ ಅವರಿಗೇ ಸಂತೋಷ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಇದೆ, ಸೊಗಸಾಗಿಯೂ ಇದೆ, ಪ್ರಯಾಣದಲ್ಲಿ ನಾನೂ ಬಳಸುತ್ತೇನೆ. ಆದರೆ ಆ ಸಣ್ಣ ಸ್ಪೀಕರಿನಲ್ಲಿ ಖರ್ಜದ ತಳ ಬರುವುದಿಲ್ಲ. ಬಂದರೂ, ಏನು ಕೇಳಬೇಕು ಎಂದು ಯಾರಾದರೂ ಒಮ್ಮೆ ತೋರಿಸಿರಬೇಕಲ್ಲ.

ಇನ್ನೊಂದು ಮಾತು ಕಾಕಾಗೆ ಹೇಳಿದೆ, ಅದು ಅವರಿಗೆ ಬಹಳ ಹಿಡಿಸಿತು. ನಾವು ಹಾಡುವಾಗ ನಮ್ಮ ದನಿ ಗಾಳಿಯ ಮೂಲಕ ಕಿವಿಗೆ ಬರುವುದರ ಜೊತೆಗೆ ತಲೆಯ ಎಲುಬಿನ ಮೂಲಕವೂ ಒಳಗಿವಿಗೆ ಮುಟ್ಟುತ್ತದೆ. ಎಲುಬಿನ ದಾರಿಯಲ್ಲಿ ತಗ್ಗಿನ ನಾದ ಹೆಚ್ಚು. ಹಾಗಾಗಿ ನಮಗೆ ನಮ್ಮ ದನಿ ಇರುವುದಕ್ಕಿಂತ ಗಂಭೀರವಾಗಿ, ತುಂಬಿಕೊಂಡು ಕೇಳುತ್ತದೆ. ರೆಕಾರ್ಡ್ ಮಾಡಿ ಕೇಳಿದರೆ "ಇದು ನಂದೇನು?" ಅನ್ನಿಸುವುದು ಇದರಿಂದಲೇ. ಅಂದರೆ ಹಾಡುವವನ ದನಿಯನ್ನು ಇದ್ದ ಹಾಗೆ, ಹಾಡುತ್ತಿರುವ ಕ್ಷಣದಲ್ಲೇ ಕೇಳಲಾಗದ ಮನುಷ್ಯ ಆ ಕೋಣೆಯಲ್ಲಿ ಒಬ್ಬನೇ, ಅವನು ಹಾಡುವವನೇ. "ರೆಕಾರ್ಡ್ ಮಾಡಿ ಕೇಳ್ತೀನಿ, ತಿದ್ದಿಕೋತೀನಿ" ಎಂದರು ಕಾಕಾ. ಖಂಡಿತ ಮಾಡಬೇಕು. ಆದರೆ ತಪ್ಪು ತಪ್ಪೆಂದು ಗೊತ್ತಾಗುವ ಹೊತ್ತಿಗೆ ಹಾಡು ಮುಗಿದಿರುತ್ತದೆ. ಗುರು ಹಿಡಿಯುವುದು ತಪ್ಪು ಆಗುತ್ತಿರುವಾಗ. ಕೆಲವೊಮ್ಮೆ ಆಗುವುದಕ್ಕೂ ಮೊದಲೇ, ನೀವು ಉಸಿರು ತೆಗೆದುಕೊಂಡ ರೀತಿ ನೋಡಿಯೇ.

ಆಗ ಅವರು ಮೊಬೈಲ್ ನನ್ನ ಮುಖದ ಮುಂದೆ ಹಿಡಿದರು. ಸ್ವರ ಸರಿ ಬಿದ್ದರೆ ಹಸಿರು, ತಪ್ಪಿದರೆ ಕೆಂಪು ತೋರಿಸುವ ಆ್ಯಪ್. ಸಾ, ಪಾ ನಿಲ್ಲಿಸಿ ಹಾಡುವುದಕ್ಕೆ ಅದು ನಿಜಕ್ಕೂ ಒಳ್ಳೆಯದು, ಮಕ್ಕಳಿಗೂ ನಾನು ಹೇಳುತ್ತೇನೆ. ಆದರೆ ದರಬಾರಿ ಕಾನಡಾದ ಕೋಮಲ ಗಾಂಧಾರ ಹಾಡಿ ನೋಡಿ. ಅದು ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ. ಎಂದಿನ ಕೋಮಲಕ್ಕಿಂತ ಕೆಳಗೆ ಇಳಿದು, ನಿಧಾನವಾಗಿ ತೂಗಬೇಕು. ಸರಿಯಾಗಿ ಹಾಡಿದಷ್ಟೂ ಆ ಪರದೆ ಕೆಂಪಾಗುತ್ತದೆ! ಮುಳ್ಳನ್ನು ಹಸಿರಲ್ಲಿ ನಿಲ್ಲಿಸಲು ಹೋದರೆ ದರಬಾರಿ ಉಳಿಯುವುದಿಲ್ಲ. ಭಾತಖಂಡೆಯವರ ಪುಸ್ತಕಗಳಲ್ಲಿ ಬಂದಿಶ್‌ಗಳ ಸ್ವರಲಿಪಿ ಇದೆ, ಅವು ದೊಡ್ಡ ಆಸ್ತಿ. ಆ ತೂಗಾಟ ಮಾತ್ರ ಅಲ್ಲಿಯೂ ಅಚ್ಚಾಗಿಲ್ಲ. ಹಾರ್ಮೋನಿಯಂನದೂ ಇದೇ ತಕರಾರು. ಮನೆಯಿಂದ ಮನೆಗೆ ಜಿಗಿಯುತ್ತದೆ, ನಡುವೆ ಜಾರುವುದಿಲ್ಲ. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, ಮತ್ತೆ ಬಾಗಿಲು ತೆರೆದದ್ದು 1971ರಲ್ಲಿ.

ಭೀಮಸೇನರು ಸಂಜೆ ಹೊತ್ತು ತಿದ್ದುತ್ತಿದ್ದ ಆ ಪೂರಿಯಾ ಇದೆಯಲ್ಲ, ಅದರ ಸ್ವರಗಳೂ ಮಾರವಾದ ಸ್ವರಗಳೂ ಒಂದೇ. ಪಂಚಮ ಇಲ್ಲ, ರಿಷಭ ಕೋಮಲ, ಮಧ್ಯಮ ತೀವ್ರ. ಪಟ್ಟಿ ಮಾಡಿ ಬರೆದರೆ ಎರಡಕ್ಕೂ ಒಂದೇ ಪಟ್ಟಿ. ಮಾರವಾ ರಿಷಭ ಮತ್ತು ಧೈವತದ ಮೇಲೆ ನಿಂತು ಚಡಪಡಿಸುತ್ತದೆ, ಪೂರಿಯಾ ಗಾಂಧಾರ ಮತ್ತು ನಿಷಾದದಲ್ಲಿ ಕೂತು ತನ್ನೊಳಗೆ ಇಳಿಯುತ್ತದೆ. ಎಷ್ಟು ಹೊತ್ತು ನಿಲ್ಲಬೇಕು, ಯಾವ ಕಡೆಯಿಂದ ಬಂದು ಸಾ ಮುಟ್ಟಬೇಕು, ಇದನ್ನು ಬಾಯಿಮಾತಿನಲ್ಲಿ ಹೇಳುವುದೂ ಕಷ್ಟ. ಗುರು ಹಾಡುತ್ತಾರೆ, ನೀವು ಹಾಡುತ್ತೀರಿ, ಅವರು ತಲೆ ಅಲ್ಲಾಡಿಸಿ ಮತ್ತೆ ಹಾಡುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಕಲಿತದ್ದು ಹೀಗೆಯೇ, ಕಿವಿಯಿಂದ ಕಿವಿಗೆ. ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಪಂಚಾಕ್ಷರ ಗವಾಯಿಗಳಲ್ಲಿ ಕಲಿತ ಬಸವರಾಜ ರಾಜಗುರು ಅವರ ಹಾಡು ಕೇಳಿದರೆ ಆ ವಿದ್ಯೆಯಲ್ಲಿ ಏನು ಕಡಿಮೆಯಾಗಿತ್ತು ಎಂದು ಯಾರು ಹೇಳಬಲ್ಲರು?

ಅಷ್ಟರಲ್ಲಿ ಕಾಕೂ ಹೊರಬಂದಿದ್ದರು. ಕಾಕಾ ಅವರನ್ನೇ ಸಾಕ್ಷಿಗೆ ಕರೆದರು. "ನೀ ರೊಟ್ಟಿ ಬಡಿಯೋದು ಯಾವ ಸಾಲ್ಯಾಗ ಕಲ್ತಿ?" ಕಾಕೂ ಸೆರಗಿಗೆ ಕೈ ಒರಸಿಕೊಳ್ಳುತ್ತ, "ನಿಮ್ಮ ಅವ್ವ ಬಾಜೂಕ ಕೂತು, ಅಂಚು ಒಡದಾಗೊಮ್ಮೆ ಕೈ ಹಿಡದು ತೋರಸ್ತಿದ್ರು, ನಿಮಗೇನು ಗೊತ್ತು" ಎಂದರು. ಮುಂದೆ ನಾನು ಏನೂ ಸೇರಿಸಬೇಕಾಗಲಿಲ್ಲ.

ಕಾಕಾನ ಕಡೆ ನ್ಯಾಯ ಇಲ್ಲವೆಂದಲ್ಲ. ಕಲಿಸುವವರೆಲ್ಲ ಗುರುಗಳಾಗಿರುವುದಿಲ್ಲ. ಇಪ್ಪತ್ತು ಮಕ್ಕಳನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿ, ಎಲ್ಲರಿಗೂ ತಮ್ಮ ಶ್ರುತಿಯನ್ನೇ ಹೇರಿ, ಪರೀಕ್ಷೆಯ ಪಠ್ಯ ಮುಗಿಸುವ ತರಗತಿಗಳನ್ನು ನಾನೂ ಕಂಡಿದ್ದೇನೆ. ದನಿ ಒಡೆಯುವ ವಯಸ್ಸಿನ ಹುಡುಗನಿಗೆ ಸ್ವಲ್ಪ ದಿನ ಕೆಳಗೇ ಹಾಡು ಎನ್ನುವ ಬದಲು ಎಲ್ಲರ ಮುಂದೆ ನಗುವವರೂ ಇದ್ದಾರೆ. ಅಂಥ ಕಡೆ ಮಗು ಹಾಡುವುದನ್ನೇ ಬಿಟ್ಟುಬಿಡುತ್ತದೆ. ಅದಕ್ಕಿಂತ ಮನೆಯಲ್ಲಿ ರೇಡಿಯೊ ಕೇಳಿಕೊಂಡು ಹಾಡಿಕೊಳ್ಳುವುದು ಎಷ್ಟೋ ಮೇಲು. ಹತ್ತಿರದಲ್ಲಿ ಕಲಿಸುವವರೇ ಇಲ್ಲದ ಊರುಗಳಿವೆ. ಹೊಲದ ಕೆಲಸ, ಮಕ್ಕಳು, ಮುದುಕರ ಆರೈಕೆಯ ನಡುವೆ ಮನೆ ಬಿಟ್ಟು ಹೊರಡಲಾಗದ ಹೆಣ್ಣುಮಕ್ಕಳಿದ್ದಾರೆ. ಅವರ ಕೈಗೆ ಇವತ್ತು ಮೊಬೈಲಿನ ಮೂಲಕ ಅಬ್ದುಲ್ ಕರೀಂ ಖಾನರೂ ಗಂಗೂಬಾಯಿಯವರೂ ಬಂದಿದ್ದಾರೆ ಎಂದರೆ ಅದು ಸಣ್ಣ ಮಾತಲ್ಲ. ಅವರು ಕಲಿಯುವವರೆಗೆ ಕಾಯದೆ ಹಾಡಲಿ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡಿದ ಅಜ್ಜಿಯರಿಗೆ ಗುರು ಯಾರು? ಆದರೆ ಆ ಅಜ್ಜಿಯರೂ ಒಬ್ಬರೇ ಕೂತು ಹಾಡಲಿಲ್ಲ. ಇನ್ನೊಬ್ಬರ ದನಿಗೆ ದನಿ ಕೂಡಿಸಿ ಹಾಡಿದರು. ದನಿ ಹೊರಗೆ ಹೋದಾಗ ಪಕ್ಕದವಳ ದನಿಯೇ ಒಳಗೆ ಕರೆದುಕೊಳ್ಳುತ್ತಿತ್ತು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೊಬೈಲ್ ಬಂದ್ ಮಾಡ್ಲೇನು?" ಎಂದರು.

"ಮಾಡಬ್ಯಾಡ್ರಿ. ಕೇಳೋದು ಇನ್ನೂ ಹೆಚ್ಚು ಮಾಡ್ರಿ. ಕರೋಕೆ ಒಂದೆರಡು ತಿಂಗಳು ಬದಿಗಿಡ್ರಿ. ಸಪ್ತಾಪುರದಾಗ ನಮ್ಮ ಗುರುಗಳ ಕಡೆ ಕಲ್ತವರೊಬ್ಬರು ಇದ್ದಾರ, ಬೇಸ್ತವಾರ ಸಂಜೀಕೆ ಹೋಗೋಣು. ವಾರಕ್ಕೊಮ್ಮೆ ಸಾಕು. ಉಳಿದ ದಿವಸ ನಿಮ್ಮ ಪಾಡಿಗೆ ನೀವು ತಿದ್ದಬೇಕು, ಅದನ್ನ ಯಾವ ಗುರೂನೂ ಮಾಡಿಕೊಡೂದಿಲ್ಲ."

"ಈ ವಯಸ್ಸಿನ್ಯಾಗ ಸೇರಿಸಿಕೋತಾರೇನು?"

"ನಿಮ್ಮಕ್ಕಿಂತ ದೊಡ್ಡವರು ಬರ್ತಾರ ಅಲ್ಲಿಗೆ."

"ನನ್ನ ಮೊಣಕಾಲು ನಿನಗ ಗೊತ್ತದಲ್ಲ ತಂಗಿ. ಚಕ್ಕಳಮಕ್ಕಳ ಹಾಕಿ ಕೂಡ್ಲಿಕ್ಕೆ ಆಗೂದಿಲ್ಲ."

"ಕುರ್ಚಿ ಮ್ಯಾಲೆ ಕೂತು ಹಾಡ್ರಿ. ಬೆನ್ನು ನೆಟ್ಟಗಿದ್ರ ಸಾಕು."

ಕಾಕಾ ಕಾಕೂನ ಕಡೆ ತಿರುಗಿ, ಬೇಸ್ತವಾರ ಸಂಜೆ ಸಂತೆಗೆ ಯಾರು ಹೋಗುತ್ತಾರೆ ಎಂದು ಕೇಳತೊಡಗಿದರು.